ನಿಮ್ಮ ಪ್ರಶ್ನೆ ದೆಹಲಿಗೆ ಹೋಗಲಿ

ಕೇಳುಗರಿಗೆ ನಮಸ್ಕಾರ.

ವಿದೇಶಾಂಗ ನೀತಿ ಅಂದ ಕೂಡಲೇ ಅದು ದೆಹಲಿಯ ದೊಡ್ಡವರ ವಿಷಯ ಅಂತ ಸುಮ್ನಾಗುವವರೇ ಜಾಸ್ತಿ. ಆದರೆ ಬೆಂಗಳೂರಿನ ಮನೆಮನೆಗೆ ಬೆಳಿಗ್ಗೆ ಬರುವ ಹಾಲಿಗೂ ಅದಕ್ಕೂ ನಂಟಿದೆ. ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದಕ್ಕೆ 16 ದೇಶಗಳು ವರ್ಷಗಟ್ಟಲೆ ಮಾತುಕತೆ ನಡೆಸಿದವು. ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗಕ್ಕೆ ಬಂದರೆ ನಮ್ಮ ಗತಿ ಏನು ಅಂತ ಹಾಲು ಹಾಕುವ ರೈತರು ಕೇಳಿದರು. ನಮ್ಮ ರಾಜ್ಯದಲ್ಲೂ ಪ್ರತಿಭಟನೆಗಳು ನಡೆದವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ತಾನು ಸೇರುವುದಿಲ್ಲ ಎಂದಿತು. ಚೀನಾದ ಸರಕಿನ ಆತಂಕವೂ ಇತ್ತು, ನಿಜ. ಆದರೂ ಕೊಟ್ಟಿಗೆಯ ಮಾತು ಅಲ್ಲಿಯವರೆಗೂ ಹೋಯಿತು ಅಲ್ವಾ?

ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂದಿಲ್ಲ. ಹಾಗಾಗಿ ಸಹಿ ಬೀಳುವ ಮೊದಲೇ ಕೇಳಬೇಕು.

ಕೇಳುವುದಕ್ಕೆ ನನಗೆ ಎಲ್ಲಕ್ಕಿಂತ ಒಳ್ಳೆಯದಾಗಿ ಕಾಣುವುದು ನಿಮ್ಮ ಸಂಸದರ ದಾರಿ: ನೀವು ಅವರಿಗೆ ಪತ್ರ ಬರೆದರೆ, ಅವರು ಅದನ್ನು ಸಂಸತ್ತಿನಲ್ಲಿ ಪ್ರಶ್ನೆಯಾಗಿ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ 230ರವರೆಗೆ ಚುಕ್ಕೆ ಗುರುತಿಲ್ಲದ, ಅಂದರೆ ಸದನದಲ್ಲಿ ಬಾಯಿಮಾತಿನ ಉತ್ತರ ಕೇಳದ, ಪ್ರಶ್ನೆಗಳಿಗೆ ಸಚಿವರು ಲಿಖಿತ ಉತ್ತರ ಕೊಡುತ್ತಾರೆ. ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ, ಯಾರು ಬೇಕಾದರೂ ಓದಬಹುದು. ಕೆಲಸದ ಆಸೆಗೆ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಹೋಗಿ ಸೈಬರ್ ವಂಚನೆಯ ಜಾಲಕ್ಕೆ ಸಿಕ್ಕಿಬಿದ್ದ ಹುಡುಗರ ಸುದ್ದಿ ಕೇಳಿದ್ದೀರಿ. "ಸರ್ಕಾರ ಏನು ಮಾಡುತ್ತಿದೆ?" ಅಂತ ಬರೆದರೆ "ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ" ಅನ್ನುವ ಉತ್ತರ ಬರುತ್ತದೆ, ಅಷ್ಟೇ. ಹೀಗೆ ಬರೆಯಿರಿ: ಕಳೆದ 2 ವರ್ಷಗಳಲ್ಲಿ ಅಲ್ಲಿಂದ ಕರೆತಂದವರಲ್ಲಿ ಕರ್ನಾಟಕದವರು ಎಷ್ಟು? ಇನ್ನೂ ಎಷ್ಟು ದೂರು ಬಾಕಿ ಇವೆ? ಕಳಿಸಿದ ಏಜೆಂಟರಲ್ಲಿ ಎಷ್ಟು ಜನರ ಮೇಲೆ ಕೇಸಾಗಿದೆ? ಇದಕ್ಕೆ ಅಂಕಿ ಕೊಡದೆ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಮಾಹಿತಿ ಹಕ್ಕಿನ ಅರ್ಜಿಯೂ ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಬೇರೆ ದೇಶದೊಂದಿಗಿನ ಸಂಬಂಧಕ್ಕೆ ಧಕ್ಕೆ ಅನ್ನುವ ಕಾರಣ ಕೊಟ್ಟು ಕೆಲವನ್ನು ನಿರಾಕರಿಸಬಹುದು. ಆದ್ದರಿಂದ ಖರ್ಚು, ಸಂಖ್ಯೆ, ದಿನಾಂಕಗಳನ್ನು ಕೇಳಿ.

ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ, ಗ್ರಾಮಾಂತರ, ನಿಮ್ಮ ಕ್ಷೇತ್ರ ಯಾವುದೇ ಇರಲಿ, ಸಂಸದರಿಗೆ ಇಲ್ಲೇ ಕಚೇರಿ ಇರುತ್ತದೆ. ಪ್ರಶ್ನೆಯ ಸೂಚನೆಯನ್ನು ಅವರು ಕನಿಷ್ಠ 15 ದಿನ ಮೊದಲೇ ಕೊಡಬೇಕು. ಅಧಿವೇಶನದ ದಿನಾಂಕ ಪೇಪರಿನಲ್ಲಿ ಬಂದ ದಿನವೇ ಪತ್ರ ತಲುಪಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ನಮಸ್ಕಾರ.