ಸಂಧಾನದ ಮೇಜಿನ ಮುಂದೆ ಕಾರ್ಮಿಕ ಸಂಘ

ಕೇಳುಗರಿಗೆ ನಮಸ್ಕಾರ.

1918ರಲ್ಲಿ ಮದರಾಸಿನ ಗಿರಣಿ ಕೆಲಸಗಾರರು ಬಿ.ಪಿ. ವಾಡಿಯಾ ಅವರ ಮುಂದಾಳತ್ವದಲ್ಲಿ ಮದರಾಸು ಕಾರ್ಮಿಕ ಸಂಘ ಕಟ್ಟಿಕೊಂಡರು. ಆಮೇಲೆ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯವರು, ಕೆಲಸದ ಕರಾರು ಮುರಿಯಲು ಸಂಘದ ಮುಖಂಡರು ಚಿತಾವಣೆ ಮಾಡುತ್ತಿದ್ದಾರೆಂದು ಹೈಕೋರ್ಟಿಗೆ ಹೋಗಿ ಅವರ ವಿರುದ್ಧ ತಡೆಯಾಜ್ಞೆ ತಂದರು. ನೋಂದಾಯಿತ ಸಂಘಕ್ಕೆ ಇಂಥ ದಾವೆಗಳಿಂದ ರಕ್ಷಣೆ ಸಿಕ್ಕಿದ್ದು 1926ರ ಕಾರ್ಮಿಕ ಸಂಘಗಳ ಕಾಯ್ದೆಯಿಂದ. ಸರ್ಕಾರಿ ಅಧಿಕಾರಿಯ ಮುಂದಿನ ಸಂಧಾನ, ವಿವಾದಕ್ಕೆ ತೀರ್ಪು ಕೊಡುವ ನ್ಯಾಯಾಧಿಕರಣಗಳ ದಾರಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯದು. ಈಗ ಎರಡರ ಜಾಗಕ್ಕೂ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ.

ಕಾರ್ಮಿಕ ವಿವಾದ ಎಂದೊಡನೆ ನಮಗೆ ನೆನಪಾಗುವುದು ಮುಷ್ಕರ. ಹೊಸ ಸಂಹಿತೆಯಲ್ಲಿ ಅದರ ದಾರಿ ಕಿರಿದಾಗಿದೆ. ಯಾವುದೇ ಕೈಗಾರಿಕೆಯಾದರೂ 14 ದಿನ ಮೊದಲೇ ನೋಟಿಸ್ ಕೊಡಬೇಕು. ಸಂಧಾನ ನಡೆಯುತ್ತಿರುವಾಗ, ಮುಗಿದ ಮೇಲೂ 7 ದಿನ, ಕೆಲಸ ನಿಲ್ಲಿಸುವಂತಿಲ್ಲ. ಅರ್ಧದಷ್ಟು ಜನ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ದುಡಿಯುವವರ ಕೈಯ ದೊಡ್ಡ ಬಲವನ್ನು ಇಷ್ಟು ಬಿಗಿಯಬಾರದಿತ್ತು ಎಂದೇ ನನ್ನ ಅಭಿಪ್ರಾಯ.

ಆದ್ದರಿಂದಲೇ ಸಂಧಾನಾಧಿಕಾರಿಯ ಮುಂದೆ ಕೂರುವ ಆ ಕೆಲವು ದಿನಗಳ ಬೆಲೆ ಹೆಚ್ಚಿದೆ. ಆ ಅಧಿಕಾರಿ ತೀರ್ಪು ಕೊಡುವವರಲ್ಲ, ಎರಡೂ ಕಡೆಯವರನ್ನು ಮಾತಿಗೆ ತರುವವರು. ಆದರೆ ಅಲ್ಲಿ ಸಹಿಯಾದ ಒಪ್ಪಂದಕ್ಕೆ ದೊಡ್ಡ ಶಕ್ತಿಯಿದೆ: ಅದು ಸಂಘದ ಸದಸ್ಯರಿಗಷ್ಟೇ ಅಲ್ಲ, ಚಂದಾ ಕಟ್ಟದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತದೆ. ಸಂಧಾನ ನಡೆಯುತ್ತಿರುವಾಗ ವಿವಾದಕ್ಕೆ ಸಂಬಂಧಿಸಿದ ಸೇವಾ ಷರತ್ತುಗಳನ್ನು ಆಡಳಿತ ವರ್ಗ ಕೆಲಸಗಾರರಿಗೆ ತೊಂದರೆಯಾಗುವಂತೆ ಬದಲಿಸುವಂತಿಲ್ಲ.

ಹಾಗಾಗಿ ಬೇಡಿಕೆ ಪಟ್ಟಿಯ ಜೊತೆಗೆ ವೇತನ ಚೀಟಿ, ಹಾಜರಿ, ಹಳೆಯ ಒಪ್ಪಂದದ ಪ್ರತಿ ಎಲ್ಲವನ್ನೂ ಹೊಂದಿಸಿಕೊಂಡು ಹೋಗಿ. ಘೋಷಣೆ ಕೂಗುವವರಷ್ಟೇ ಲೆಕ್ಕ ಬಲ್ಲವರೂ ನಿಯೋಗದಲ್ಲಿರಲಿ.

ಹಲವು ಸಂಘಗಳಿರುವ ಕಡೆ ಶೇಕಡ 51ರಷ್ಟು ಕೆಲಸಗಾರರ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ, ಶೇಕಡ 20ರಷ್ಟಾದರೂ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿ ಸಮಾಲೋಚನಾ ಮಂಡಳಿ ಆಗಬೇಕು. ಬಣಗಳಾಗಿ ಒಡೆದವರು ಇಲ್ಲೇ ಸೋಲುವುದು.

ಸಂಧಾನ ಮುರಿದರೆ ಸರ್ಕಾರ ಪ್ರಕರಣ ಒಪ್ಪಿಸಲಿ ಎಂದು ಹಿಂದಿನಂತೆ ಕಾಯಬೇಕಿಲ್ಲ. ಅಧಿಕಾರಿಯ ವರದಿ ಕೈಸೇರಿದ 90 ದಿನಗಳೊಳಗೆ ನೇರವಾಗಿ ಕೈಗಾರಿಕಾ ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಬಹುದು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಒಬ್ಬನೇ ಒಬ್ಬ ಕೆಲಸಗಾರನನ್ನು ವಜಾ ಮಾಡಿದರೂ ಅದು ಕೈಗಾರಿಕಾ ವಿವಾದವೇ. ಆದರೆ ವಿವಾದ ಹುಟ್ಟಿ 2 ವರ್ಷ ದಾಟಿದರೆ ಸಂಧಾನಕ್ಕೆ ಅವಕಾಶವಿಲ್ಲ. ವಜಾ ಆದೇಶ ಕೈಗೆ ಬಂದ ವಾರದಲ್ಲೇ ಸಂಘದ ಕಚೇರಿಗೆ ಹೋಗಿ, ಆದೇಶದ ಪ್ರತಿ ಜೊತೆಗಿರಲಿ.

ನಮಸ್ಕಾರ.