ಪಾಂಡವರ ಮನೆಗೆ ಸರ್ವೆ ನಂಬರ್ ಬೇಕು

ನಮಸ್ಕಾರ. ಈ ಕಲ್ಲುಗಳನ್ನು ಸ್ವಲ್ಪ ನೋಡಿ. ಕೋಲಾರದ ಕಡೆಯ ಒಂದು ರಾಗಿ ಹೊಲ ಇದು. ಊರಿನ ಹೆಸರು ಹೇಳುವುದಿಲ್ಲ, ನಿಧಿ ಅಗೆಯುವವರೂ ವಿಡಿಯೊ ನೋಡುತ್ತಾರೆ.

ಅರ್ಧ ಮಣ್ಣಲ್ಲಿ ಹೂತ ಗುಂಡುಕಲ್ಲುಗಳು, ದುಂಡಗೆ ಒಂದರ ಪಕ್ಕ ಒಂದು. ಹೊಲ ಹಸನು ಮಾಡುವಾಗ ಉರುಳಿಸಿದ ಕಲ್ಲು ಅನ್ನಿಸುತ್ತೆ, ಅಲ್ವಾ? ಆದರೆ ಇದು ಕಬ್ಬಿಣ ಯುಗದವರ ಸಮಾಧಿ. ಎರಡು ಸಾವಿರ ವರ್ಷ ದಾಟಿದ್ದು. ಇಂಥವುಗಳ ಅಡಿಯಲ್ಲಿ ಏನಿರುತ್ತೆ ಅಂತ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದು ತೋರಿಸಿದರು. ಚಪ್ಪಡಿ ನಿಲ್ಲಿಸಿ ಕಟ್ಟಿದ ಪೆಟ್ಟಿಗೆ, ಒಳಗೆ ಮೂಳೆ, ಮಡಕೆ, ಕಬ್ಬಿಣದ ಸಾಮಾನು. ಕೊಪ್ಪರಿಗೆ ಹೊನ್ನಲ್ಲ.

ನನ್ನ ಕಾಲ ಹತ್ತಿರವೇ ಒಂದು ಮಡಕೆ ಚೂರು ಬಿದ್ದಿತ್ತು. ಒಳಮೈ ಕಪ್ಪು, ಹೊರಮೈ ಕೆಂಪು. ಕೈಯಲ್ಲಿ ಹಿಡಿದರೆ ಇನ್ನೂ ನುಣುಪು. ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿ ಆಡದೆ ಹೀಗೆ ಕಪ್ಪಾಗುತ್ತದಂತೆ. ನೋಡಿ, ಇದ್ದ ಕಡೆಯೇ ಇಟ್ಟೆ. ಚೂರು ಎಲ್ಲಿ ಬಿದ್ದಿದೆ ಅನ್ನುವುದೂ ಒಂದು ಸಾಕ್ಷಿ.

ಹೊಲದ ತಾತ ಹೇಳಿದರು: "ಇದು ಪಾಂಡವರ ಮನೆ ಕಣಪ್ಪ. ನಮ್ಮ ತಾತನ ಕಾಲದಿಂದ್ಲೂ ಇದರ ಮೇಲೆ ನೇಗಿಲು ಹಾಯ್ಸಿಲ್ಲ." ಇಷ್ಟು ದಿನ ಇದನ್ನು ಉಳಿಸಿದ್ದು ಈ ಮಾತು. ಆದರೆ ಜೆಸಿಬಿಗೆ ಈ ಮಾತು ಕೇಳಿಸಲ್ಲ. ಪಕ್ಕದ ಹೊಲದಲ್ಲೂ ಇಂಥದೊಂದು ಸುತ್ತು ಇತ್ತಂತೆ. ಅಲ್ಲಿ ಈಗ ಇರುವುದು ಒಂದೇ ಕಲ್ಲು, ಅದರ ಮೇಲೂ ಉಳಿ ಹೊಡೆದ ತೂತುಗಳು.

ಇಂಥದೇ ಹಳೆಯ ಸಮಾಧಿಗಳಿರುವ ಕೊಪ್ಪಳದ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ತುಂಬಾ ಖುಷಿ. ಅಲ್ಲಿ ಬೆಟ್ಟದ ಮೇಲೆ ಕಲ್ಲುಮನೆಗಳು ಎದ್ದು ಕಾಣುತ್ತವೆ. ನಮ್ಮ ಹೊಲದ ಸುತ್ತು ಮೊಣಕಾಲುದ್ದವೂ ಇಲ್ಲ. ಗ್ರಾಮ ನಕಾಶೆಯಲ್ಲಿ ಕೆರೆ ಇದೆ, ಗುಡಿ ಇದೆ, ಬಂಡಿದಾರಿ ಇದೆ. ಇದು ಇಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ಒಡೆದರೆ ಯಾರನ್ನು ಕೇಳೋಣ? ಅಧಿಕಾರಿಗಳೇ, ಮೊದಲು ಊರೂರು ಸುತ್ತಿ, ಸರ್ವೆ ನಂಬರ್ ಸಮೇತ ಇವನ್ನು ಬರೆದುಕೊಳ್ಳಿ. ಬೇಲಿ, ಬೋರ್ಡು ಆಮೇಲೆ.

ರೈತರ ಭಯವೂ ಸುಳ್ಳಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕ ಅಂತಾದರೆ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. 100 ಮೀಟರ್ ಅಂದರೆ ಲೆಕ್ಕ ಹಾಕಿ, ಏಳೂಮುಕ್ಕಾಲು ಎಕರೆ! ಸಣ್ಣ ಹಿಡುವಳಿದಾರರ ಇಡೀ ಜಮೀನೇ ಅದರೊಳಗೆ ಬಂದುಬಿಡುತ್ತೆ. ಆ ನಿಯಮ ತಡೆಯುವುದು ಕಟ್ಟಡವನ್ನು, ರಾಗಿ ಬಿತ್ತುವುದನ್ನಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿದವರು ಯಾರು? ನನ್ನ ಕೇಳಿದರೆ, ಸುತ್ತು ಕಾಯುವ ರೈತರಿಗೆ ವರ್ಷಕ್ಕಿಷ್ಟು ಅಂತ ದುಡ್ಡನ್ನೂ ಕೊಡಬೇಕು.

ಹೊರಡುವಾಗ ತಾತ ಕೇಳಿದರು: "ನಕಾಶೆಯಲ್ಲಿ ಬರೆಸಿದ್ರೆ, ಮಳೆ ಬಿದ್ಮೇಲೆ ನಾನು ಪಕ್ಕದಲ್ಲಿ ಉಳಬಹುದಾ?" ಅವರ ಜಗಲಿ ಮೇಲೆ ಕೂತು, ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡುವ ಒಬ್ಬ ಅಧಿಕಾರಿ ಬೇಕು. ಈ ಮಳೆಗಾಲಕ್ಕೆ ಮೊದಲೇ ಬೇಕು.