ಎಷ್ಟು ಅಂತಲ್ಲ, ಏನು ಅಂತ ಕೇಳಿ

ಸ್ನೇಹಿತರೆ,

ಹೋದ ತಿಂಗಳು ಒಂದು ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಜೀವಕೋಶ ವಿಜ್ಞಾನದ ಹುದ್ದೆ. ಮೇಜಿನ ಮೇಲೊಂದು ಪಟ್ಟಿ: ಹೆಸರು, ಪೇಪರ್‌ಗಳ ಸಂಖ್ಯೆ, ಸೈಟೇಶನ್ ಅಂದರೆ ಬೇರೆ ಪೇಪರ್‌ಗಳು ಅವನ್ನು ಉಲ್ಲೇಖಿಸಿದ ಲೆಕ್ಕ, ಇವೆರಡನ್ನೂ ಸೇರಿಸಿದ ಅಂಕ ಎಚ್-ಇಂಡೆಕ್ಸ್. ಅರ್ಧ ಗಂಟೆಯಲ್ಲಿ ಮುಕ್ಕಾಲು ಪಾಲು ಹೆಸರಿಗೆ ಗೀಟು ಬಿತ್ತು. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಯಾರೊಬ್ಬರೂ, ನಾನೂ ಸೇರಿ, "ಇವರು ಕಂಡುಕೊಂಡದ್ದೇನು?" ಎಂದು ಕೇಳಲಿಲ್ಲ. ಆ ಸಂಜೆಯಿಂದ ಮನಸ್ಸು ಕೊರೆಯುತ್ತಿದೆ. ಇವತ್ತು ನನ್ನ ಮಾತೆಲ್ಲ ಅದರ ಬಗ್ಗೆಯೇ.

ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪೇಪರ್ ನಮ್ಮ ಕ್ಷೇತ್ರದ್ದೇ. 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದದ್ದು, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. ಮೂರು ಲಕ್ಷ ಉಲ್ಲೇಖ ದಾಟಿದೆ. ಆ ವಿಧಾನದಲ್ಲಿ ನೀಲಿ ಬಣ್ಣ ಏರುವುದನ್ನು ಕಾಯುತ್ತ ನಿಂತವರು ಇಲ್ಲಿ ಬಹಳ ಜನ ಇದ್ದೀರಿ. ಅದರ ಹಿಂದೆಯೇ ಲೆಮ್ಲಿಯವರ 1970ರ ಪೇಪರ್. ಶೀರ್ಷಿಕೆಯಲ್ಲಿರುವುದು ಟಿ4 ವೈರಸ್ಸಿನ ತಲೆ ಜೋಡಣೆಯಾಗುವ ಕಥೆ; ಜನ ಹುಡುಕಿಕೊಂಡು ಹೋಗುವುದು ಒಳಗಿರುವ, ಪ್ರೋಟೀನ್‌ಗಳನ್ನು ಬೇರ್ಪಡಿಸುವ ಜೆಲ್ ವಿಧಾನಕ್ಕೆ. ಆ ತಲೆಯ ಕಥೆ ಪೂರ್ತಿ ಓದಿದವರು ಕೈ ಎತ್ತಿ ನೋಡೋಣ... ಇಬ್ಬರಿದ್ದೀರಿ, ಬಹಳ ಸಂತೋಷ!

2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪೇಪರ್‌ಗಳ ಪಟ್ಟಿ ಮಾಡಿತು. ಅದರೊಳಗೆ ಬರಲು 12,119 ಉಲ್ಲೇಖ ಬೇಕಿತ್ತು. ಡಿಎನ್ಎಯ ಜೋಡಿ ಸುರುಳಿಯನ್ನು ಹೇಳಿದ 1953ರ ಪೇಪರ್ ಅದರಲ್ಲಿಲ್ಲ. ವಿಧಾನದ ಪೇಪರ್ ಕೀಳು ಅಂತ ನಾನೆನ್ನುವುದಿಲ್ಲ, ಲೌರಿ ಇಲ್ಲದಿದ್ದರೆ ನನ್ನ ಪಿಎಚ್‌ಡಿಯೇ ಆಗುತ್ತಿರಲಿಲ್ಲ. ಆದರೆ ಒಂದು ಪೇಪರ್ ಎಷ್ಟು ಕೈಗೆ ಒದಗಿತು ಅನ್ನುವುದು ಬೇರೆ, ಅದರಿಂದ ನಮಗೆ ಏನು ಕಂಡಿತು ಅನ್ನುವುದು ಬೇರೆ.

ಜಪಾನಿನ ಜೀವಕೋಶ ವಿಜ್ಞಾನಿ ಓಸುಮಿಯವರ ಕಥೆ ಹೇಳದೆ ನನಗೆ ಮುಂದೆ ಹೋಗಲಾಗದು. 1988. ಯೋಶಿನೊರಿ ಓಸುಮಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಲ್ಯಾಬ್ ಶುರುಮಾಡಿದಾಗ ವಯಸ್ಸು 43. ಕೈಯಲ್ಲಿದ್ದದ್ದು ಯೀಸ್ಟ್ ಮತ್ತು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ. ಯೀಸ್ಟ್ ಕೋಶದೊಳಗಿನ ದೊಡ್ಡ ಚೀಲ, ವ್ಯಾಕ್ಯುಯೋಲ್, ಅಂದರೆ ಕಸದ ಗುಂಡಿ ಎಂದು ಬಹಳಷ್ಟು ಜನ ಬಿಟ್ಟಿದ್ದ ಕಾಲ. ಇವರು, ಆ ಗುಂಡಿಯಲ್ಲಿ ಕಸ ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ಆರಿಸಿ, ಆಹಾರ ತಪ್ಪಿಸಿ ಉಪವಾಸ ಕೆಡವಿದರು. ಕೆಲವೇ ಗಂಟೆ. ವ್ಯಾಕ್ಯುಯೋಲಿನ ತುಂಬ ಪುಟ್ಟ ಪುಟ್ಟ ಗುಂಡುಗಳು, ಒಂದೇ ಸಮನೆ ಮಿಸುಕಾಡುತ್ತಿವೆ! ಹಸಿದ ಕೋಶ ತನ್ನದೇ ಭಾಗಗಳನ್ನು ಕಟ್ಟಿ ಒಳಗೆ ಸಾಗಿಸಿದೆ. ಕರಗಿಸುವವರಿಲ್ಲದೆ ಸರಕು ಹಾಗೇ ಉಳಿದಿದೆ. ಕೋಶ ತನ್ನನ್ನೇ ತಿನ್ನುವ ಈ ಕ್ರಿಯೆ, ಆಟೋಫೇಜಿ, ಯೀಸ್ಟಿನಲ್ಲಿ ಕಣ್ಣಿಗೆ ಬಿದ್ದದ್ದು ಹೀಗೆ.

ಆ ದೃಶ್ಯದ ವಿವರ ಪೇಪರಾಗಿ ಬಂದದ್ದು 1992ರಲ್ಲಿ. ನಡುವಿನ ನಾಲ್ಕು ವರ್ಷ ನಮ್ಮ ಪಟ್ಟಿಯಲ್ಲಿ ಹೇಗೆ ಕಾಣುತ್ತಿತ್ತು, ಊಹಿಸಿಕೊಳ್ಳಿ. ಮರುವರ್ಷ ತಮ್ಮ ಲ್ಯಾಬಿನ ತ್ಸುಕಾಡಾ ಜೊತೆ ಆರು ಪುಟದ ಇನ್ನೊಂದು ಪೇಪರ್: ಆಟೋಫೇಜಿಗೆ ಬೇಕಾದ ಹದಿನೈದು ಜೀನ್‌ಗಳು. ಬಂದದ್ದು ಎಫ್‌ಇಬಿಎಸ್ ಲೆಟರ್ಸ್‌ನಲ್ಲಿ, ಜನ ಮುಗಿಬೀಳುವ ಜರ್ನಲ್ ಅಲ್ಲ. ಆಗ ಆ ವಿಷಯದಲ್ಲಿ ಕೆಲಸ ಮಾಡುವವರೇ ಬೆರಳೆಣಿಕೆ; ಉಲ್ಲೇಖಿಸಲು ಜನ ಬೇಡವೇ? ಜನ ಬಂದದ್ದು ಆಮೇಲೆ, ಈ ಪೇಪರ್ ದಾರಿ ತೆರೆದದ್ದಕ್ಕೇ ಬಂದರು. 2016ರ ನೊಬೆಲ್ ಅವರೊಬ್ಬರಿಗೇ ಸಂದಿತು. 1994ರಲ್ಲಿ ನಮ್ಮಂಥ ಸಮಿತಿಯ ಮುಂದೆ ಅವರ ಅರ್ಜಿ ಬಂದಿದ್ದರೆ? ಏನು ಕಂಡಿರಿ ಅಂತ ನಾವು ಕೇಳುತ್ತಿದ್ದೆವೇ?

ಚೀಟಿ ಬಂತು, ಐದೇ ನಿಮಿಷವಂತೆ. ಎಚ್-ಇಂಡೆಕ್ಸ್ ಬೇಗ ಮುಗಿಸುತ್ತೇನೆ. 2005ರಲ್ಲಿ ಅದನ್ನು ಕೊಟ್ಟ ಹಿರ್ಷ್ ಭೌತವಿಜ್ಞಾನಿ. ಹತ್ತು ಪೇಪರ್‌ಗೆ ತಲಾ ಹತ್ತಾದರೂ ಉಲ್ಲೇಖವಿದ್ದರೆ ಹತ್ತು. ಒಬ್ಬರು ಮೂರೇ ಪೇಪರ್ ಬರೆದು ಇಡೀ ಕ್ಷೇತ್ರದ ದಿಕ್ಕು ಬದಲಿಸಿದರೂ ಅವರ ಅಂಕ ಮೂರನ್ನು ದಾಟದು. ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುವುದು ಒಂದು ಜರ್ನಲ್ಲಿನ ಪೇಪರ್‌ಗಳಿಗೆ ಬಂದ ಉಲ್ಲೇಖಗಳ ಸರಾಸರಿ. ಅದನ್ನು ವ್ಯಕ್ತಿಯ ತಲೆಗೆ ಕಟ್ಟಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜೀವಕೋಶ ವಿಜ್ಞಾನಿಗಳದೇ ಸಮ್ಮೇಳನದ ವೇಳೆ, ಜರ್ನಲ್ ಸಂಪಾದಕರು ಮತ್ತು ಪ್ರಕಾಶಕರು ಸೇರಿ ಒಂದು ಘೋಷಣೆಯ ಮಾತು ಶುರುಮಾಡಿದರು.

ಸಮಿತಿಗಳಲ್ಲಿ ಕೂರುವವರಿಗೆ ಒಂದೇ ಬೇಡಿಕೆ. ಅಭ್ಯರ್ಥಿಗೆ ತನ್ನ ಇಷ್ಟದ ಮೂರು ಪೇಪರ್ ತರಲು ಹೇಳಿ. ಒಂದು ಚಿತ್ರ ತೆಗೆದು ಮುಂದಿಟ್ಟು, "ಇಲ್ಲಿ ನಿಮಗೇನು ಕಾಣುತ್ತಿದೆ?" ಅಂತ ಕೇಳಿ.

ಆ ಸಮಿತಿ ನಾಳೆ ಮತ್ತೆ ಸೇರುತ್ತದೆ. ಗೀಟು ಬಿದ್ದ ಹೆಸರುಗಳನ್ನು ಇನ್ನೊಮ್ಮೆ ನೋಡೋಣ ಅಂತ ಅಧ್ಯಕ್ಷರಿಗೆ ಬರೆದಿದ್ದೆ, ಒಪ್ಪಿದ್ದಾರೆ. ಒಬ್ಬರ ಮೂರು ಪೇಪರ್ ಈ ಚೀಲದಲ್ಲಿವೆ. ಎರಡು ಓದಿಯಾಯಿತು, ಇನ್ನೊಂದು ಈ ರಾತ್ರಿಗಿದೆ. ಈಗ ನಿಮ್ಮ ಪ್ರಶ್ನೆ ಕೇಳಿ.